ಒಂದು ಚೌಕ, ಒಂದು ಕೈವಾರ: ಹಳೆಯ ಚರ್ಚ್ ಗಂಟೆ ಗೋಪುರವನ್ನು ಪಾಯದಿಂದ ಶಿಖರದವರೆಗೆ ಬರೆಯುವ, ಕಟ್ಟುವ ಬಗೆ

ಗಂಟೆ ಗೋಪುರ ಕಟ್ಟುವ ಮೇಸ್ತ್ರಿಗೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಗಂಟೆಯ ಬಾಯಿಯ ಅಗಲ. ಅದು ಗೊತ್ತಾದರೆ ಗಂಟೆ ಹೊರುವ ಮರದ ಚೌಕಟ್ಟಿನ ಅಳತೆ ಸಿಗುತ್ತದೆ. ಚೌಕಟ್ಟಿನಿಂದ ಒಳಕೋಣೆ, ಒಳಕೋಣೆಯಿಂದ ಗೋಡೆಯ ದಪ್ಪ, ಗೋಡೆಯಿಂದ ಪಾಯ. ಅಲ್ಲಿಂದ ಮೇಲೆ ಚೌಕ ಎಂಟುಮೂಲೆಯಾಗುವುದು, ಎಂಟುಮೂಲೆ ಕಿರಿದಾಗುತ್ತ ಹೋಗಿ ಒಂದೇ ಬಿಂದುವನ್ನು ಸೇರುವುದು, ಎಲ್ಲವೂ ಕೈವಾರದ ಕೆಲಸ. ಮಧ್ಯಯುಗದ ಯುರೋಪಿನ ಕಲ್ಲುಕುಟಿಗರಿಗೆ ಮೀಟರ್ ಗೊತ್ತಿರಲಿಲ್ಲ. ಒಂದೊಂದು ಊರಿಗೆ ಒಂದೊಂದು ಅಡಿಯ ಅಳತೆ. ಹಾಗಿದ್ದೂ ಜರ್ಮನಿಯ ಫ್ರೈಬುರ್ಗ್‌ನಲ್ಲಿ 1330ರ ಸುಮಾರಿಗೆ 116 ಮೀಟರ್ ಎತ್ತರದ ಗೋಪುರ ಮುಗಿಯಿತು. ಅದರ ಬುಡ ಚೌಕ, ನಡುವೆ ಹನ್ನೆರಡು ಮೂಲೆಯ ನಕ್ಷತ್ರದಂಥ ಮೊಗಸಾಲೆ, ಅದರ ಮೇಲೆ ಎಂಟುಮೂಲೆಯ ಕೋಣೆ, ತುದಿಯಲ್ಲಿ ಕಲ್ಲಿನ ಜಾಲಂಧ್ರದ ಶಿಖರ. ಆ ಕಟ್ಟಡದ ಚೌಕ, ಎಂಟುಮೂಲೆ, ಬಿಂದು ಎಂಬ ಕ್ರಮವನ್ನೇ ಹಿಡಿದು ಇಲ್ಲಿ ನಮ್ಮದೇ ಒಂದು ಚಿಕ್ಕ ಗೋಪುರ ಬರೆಯೋಣ.

ಬೇಕಾಗುವ ಸಾಮಾನು: ಗಟ್ಟಿ ತಿರುಪಿನ ಕೈವಾರ, ಮೂಲೆಮಟ್ಟ, ಸ್ಕೇಲು, ಚೂಪು ಪೆನ್ಸಿಲು, ಎ3 ಅಳತೆಯ ಎರಡು ದಪ್ಪ ಹಾಳೆ. ನಿಜದ 1 ಮೀಟರಿಗೆ ಹಾಳೆಯ ಮೇಲೆ 1 ಸೆಂ.ಮೀ. ಹಿಡಿಯಿರಿ.

ಹೆಜ್ಜೆ 1: ಗಂಟೆಯನ್ನು ನಿಗದಿ ಮಾಡಿ

ಸುಮಾರು 1 ಟನ್ ತೂಗುವ ಕಂಚಿನ ಗಂಟೆಗೆ ಬಾಯಿಯ ಅಗಲ ಹೆಚ್ಚುಕಡಿಮೆ 1.2 ಮೀಟರ್. ಆಕಾರ ಅದೇ ಇದ್ದು ಅಗಲ ಎರಡು ಪಟ್ಟಾದರೆ ತೂಕ ಎಂಟು ಪಟ್ಟಾಗುತ್ತದೆ. ಹಾಗಾಗಿ ಗಂಟೆಯ ವಿಷಯದಲ್ಲಿ "ಇನ್ನೊಂಚೂರು ದೊಡ್ಡದಿರಲಿ" ಎನ್ನುವ ಆಸೆ ಗೋಪುರಕ್ಕೆ ಬಲು ಭಾರ. ಫ್ರೈಬುರ್ಗ್‌ನಲ್ಲಿ 1258ರಲ್ಲಿ ಎರಕ ಹೊಯ್ದ ಹೊಸಾನ್ನಾ ಗಂಟೆ 3 ಟನ್ನಿಗೂ ಹೆಚ್ಚು ತೂಗುತ್ತದೆ. ನಮಗೆ 1 ಟನ್ನಿನದು ಒಂದು, ಅದಕ್ಕಿಂತ ಹಗುರವಾದವು ಮೂರು ಸಾಕು. ಗಂಟೆ ತೂಗಾಡಲು ಜಾಗ, ಚೌಕಟ್ಟಿನ ತೊಲೆಗಳು, ಆಳು ಓಡಾಡುವ ಸಂದು ಎಲ್ಲ ಸೇರಿ ಒಳಕೋಣೆಗೆ ಐದೂವರೆ ಮೀಟರಿಗೆ ಕಡಿಮೆಯಾಗದಷ್ಟು ಜಾಗ ಬೇಕು. ಈ ಐದೂವರೆಯನ್ನು ನೆನಪಿಡಿ.

ಹೆಜ್ಜೆ 2: ಚೌಕ ಬರೆದು ಅದನ್ನು ತಿರುಗಿಸಿ

ಹಾಳೆಯ ಮೇಲೆ 8 ಸೆಂ.ಮೀ. ಚೌಕ ಬರೆಯಿರಿ. ಇದು ಗೋಪುರದ ಹೊರಮೈ. ನಾಲ್ಕು ಬದಿಗಳ ನಡುಬಿಂದುಗಳನ್ನು ಜೋಡಿಸಿದರೆ ಒಳಗೆ ಓರೆಯಾಗಿ ನಿಂತ ಇನ್ನೊಂದು ಚೌಕ ಬರುತ್ತದೆ. ಅದರ ಬದಿ 5.66 ಸೆಂ.ಮೀ. ಇದೇ ಓರೆ ಚೌಕವನ್ನು ನೆಟ್ಟಗೆ ತಿರುಗಿಸಿ, ಹೊರಚೌಕಕ್ಕೆ ಸಮಾನಾಂತರವಾಗಿ, ನಡುವೆ ಕೂರಿಸಿ. ಅದೇ ಒಳಕೋಣೆ. ಎರಡರ ನಡುವೆ ಉಳಿದದ್ದು ಗೋಡೆ: 1.17 ಮೀಟರ್ ದಪ್ಪ. ನಮಗೆ ಬೇಕಿದ್ದ ಐದೂವರೆ ಮೀಟರ್ ಒಳಗಡೆ ದಕ್ಕಿತು.

ಚೌಕದೊಳಗೆ ಚೌಕ ತಿರುಗಿಸುವ ಈ ವಿದ್ಯೆ ಕಲ್ಲುಕುಟಿಗರ ಬಳಗದಲ್ಲಿ ಬಾಯಿಂದ ಬಾಯಿಗೆ ಸಾಗಿದ್ದು. ರೆಗೆನ್ಸ್‌ಬುರ್ಗ್ ಕೆಥೆಡ್ರಲ್‌ನ ಮುಖ್ಯ ಮೇಸ್ತ್ರಿ ಮಾಥೆಸ್ ರೋರಿಟ್ಸರ್ 1486ರಲ್ಲಿ ಒಂದು ಕಿರುಹೊತ್ತಿಗೆ ಅಚ್ಚು ಹಾಕಿಸಿ, ಕಿರುಶಿಖರವೊಂದರ ತಳವಿನ್ಯಾಸವನ್ನು ಹೀಗೇ ಚೌಕ ತಿರುಗಿಸಿ ಪಡೆಯುವುದನ್ನು, ಅದರಿಂದ ಎತ್ತರವನ್ನು ಎಬ್ಬಿಸುವುದನ್ನು ಹೆಜ್ಜೆಹೆಜ್ಜೆಯಾಗಿ ತೋರಿಸಿಕೊಟ್ಟ.

ಲೆಕ್ಕ ಮಾಡಿ ನೋಡಿ: ಹೊರಚೌಕ 64 ಚದರ ಮೀಟರ್, ಒಳಚೌಕ 32. ಒಳಗಿನ ಖಾಲಿ ಜಾಗ ಎಷ್ಟೋ ಗೋಡೆ ಕೂತ ಜಾಗವೂ ಅಷ್ಟೇ. ಗುಣಾಕಾರ ಬಾರದವನಿಗೂ ಚೌಕ ತಿರುಗಿಸಿದರೆ ಅರ್ಧಕ್ಕರ್ಧ ಸರಿಯಾಗಿ ಸಿಗುತ್ತಿತ್ತು.

ಇದನ್ನೇ ನೆಲದ ಮೇಲೆ ಹಾಕುವಾಗ 12 ಸಮ ಗಂಟು ಹಾಕಿದ ಹಗ್ಗವನ್ನು 3, 4, 5ರ ತ್ರಿಕೋನವಾಗಿ ಎಳೆದು ಮೂಲೆ ಹಿಡಿಯಬೇಕು. ನಾಲ್ಕು ಗೂಟ ಹೊಡೆದ ಮೇಲೆ ಎರಡೂ ಕರ್ಣಗಳನ್ನು ಅಳೆಯಿರಿ, ಎರಡೂ 11.31 ಮೀಟರ್ ಬರಬೇಕು. ಬದಿಗಳು ಸರಿಯಿದ್ದು ಕರ್ಣಗಳಲ್ಲಿ ಬೆರಳಗಲ ವ್ಯತ್ಯಾಸ ಬಂದರೂ ಗೂಟ ಕಿತ್ತು ಮತ್ತೆ ಹೊಡೆಯಿರಿ. ಚೌಕ ಸೊಟ್ಟಗಿದ್ದರೆ ಮೇಲೆ ಬರುವ ಎಂಟು ಬದಿಗಳು ಒಂದಕ್ಕೊಂದು ಸಮ ಬರುವುದಿಲ್ಲ.

ಹೆಜ್ಜೆ 3: ಕೈವಾರದ ಬಾಯಿ ಬದಲಿಸದೆ ಎಂಟುಮೂಲೆ ತೆಗೆಯಿರಿ

ಇಡೀ ರಚನೆಯಲ್ಲಿ ನನಗೆ ಅತಿ ಪ್ರಿಯವಾದ ಹೆಜ್ಜೆ ಇದು. ಕೈವಾರವನ್ನು 5.66 ಸೆಂ.ಮೀ.ಗೆ ತೆರೆಯಿರಿ. ಒಳಕೋಣೆಯ ಬದಿಯೂ ಹೊರಚೌಕದ ಅರ್ಧ ಕರ್ಣವೂ ಇದೇ ಅಳತೆ. ಹೊರಚೌಕದ ಒಂದೊಂದು ಮೂಲೆಯಲ್ಲೂ ಮುಳ್ಳು ಊರಿ, ಪಕ್ಕದ ಎರಡು ಬದಿಗಳ ಮೇಲೆ ಗುರುತು ಹಾಕಿ. ಎಂಟು ಗುರುತು ಸಿಗುತ್ತವೆ. ಅವನ್ನು ಸುತ್ತ ಜೋಡಿಸಿದರೆ ಎಂಟು ಬದಿಯೂ ಸಮವಾದ ಅಷ್ಟಕೋನ, ಪ್ರತಿ ಬದಿ 3.31 ಸೆಂ.ಮೀ.

ಈಗ ಚಿತ್ರವನ್ನು ಹತ್ತಿರದಿಂದ ನೋಡಿ. ಅಷ್ಟಕೋನದ ನಾಲ್ಕು ಬದಿಗಳು ಚೌಕದ ಗೋಡೆಗಳ ಮೇಲೇ ಇವೆ. ಅವುಗಳ ಭಾರ ನೇರವಾಗಿ ಕೆಳಗಿಳಿಯುತ್ತದೆ. ಉಳಿದ ನಾಲ್ಕು ಮೂಲೆಗೆ ಅಡ್ಡಲಾಗಿ ಬರುತ್ತವೆ. ಆ ಅಡ್ಡ ಬದಿಗಳ ನಡುಬಿಂದು ಒಳಕೋಣೆಯ ಮೂಲೆಗೆ ಸರಿಯಾಗಿ ತಾಕುತ್ತದೆ, ಕೂದಲೆಳೆಯೂ ಆಚೀಚೆಯಾಗುವುದಿಲ್ಲ. ಅಂದರೆ 40 ಸೆಂ.ಮೀ. ದಪ್ಪದ ಶಿಖರದ ಗೋಡೆಯನ್ನು ಈ ಅಡ್ಡ ಬದಿಯ ಮೇಲೆ ಎಬ್ಬಿಸಿದರೆ, ಅದರ ಎರಡು ತುದಿಗಳು ಚೌಕದ ಗೋಡೆಯ ಮೇಲೆ ಕೂರುತ್ತವೆ. ನಡುವಿನ ತುಂಡಿನ ಕೆಳಗೆ ಮಾತ್ರ ಏನೂ ಇರುವುದಿಲ್ಲ. ಒಳ ಅಂಚಿನಲ್ಲಿ ಅಳೆದರೆ ಆ ಖಾಲಿ 80 ಸೆಂ.ಮೀ. ಅಗಲ. ಕೆಳಗಿನ ಗೋಡೆಯನ್ನು ಜಿಪುಣತನ ಮಾಡಿ 80 ಸೆಂ.ಮೀ. ದಪ್ಪಕ್ಕೆ ಇಳಿಸಿದ್ದರೆ ಅದೇ ಖಾಲಿ 1.85 ಮೀಟರಿಗೆ ಹಿಗ್ಗುತ್ತಿತ್ತು.

ಹೆಜ್ಜೆ 4: ಮೂಲೆಗಮಾನು

ಆ ಖಾಲಿಯನ್ನು ದಾಟಿಸಲು ಒಳಮೂಲೆಯಲ್ಲಿ ಕಮಾನು ಕಟ್ಟುತ್ತಾರೆ. ಮೊದಲು ಮೂಲೆಯ ತೀರ ಒಳಗೆ, ಎರಡು ಗೋಡೆಗಳಿಗೆ ಹೆಗಲು ಕೊಟ್ಟ ಒಂದು ಗಿಡ್ಡ ಕಮಾನು. ಅದರ ಮೇಲೆ, ಅರ್ಧ ಕಲ್ಲಿನಷ್ಟು ಮುಂದಕ್ಕೆ ಬಂದ ಇನ್ನೊಂದು, ತುಸು ಅಗಲದ್ದು. ಅದರ ಮೇಲೆ ಮತ್ತೊಂದು. ಹೀಗೆ ಮೂರು ನಾಲ್ಕು ಕಮಾನುಗಳಾಗುವಷ್ಟರಲ್ಲಿ ಮೂಲೆ ಅಡ್ಡಲಾಗಿ ಮುಚ್ಚಿ, ಶಿಖರದ ಗೋಡೆಗೆ ಪೀಠ ಸಿದ್ಧವಾಗುತ್ತದೆ. ಕಮಾನು ಒಣಗುವವರೆಗೆ ಮರದ ಅಚ್ಚು ಕೆಳಗಿರಬೇಕು. ನಾಲ್ಕೂ ಮೂಲೆಗಳ ಕೆಲಸ ಒಟ್ಟಿಗೇ ಮೇಲೇಳಬೇಕು. ಒಂದು ಮೂಲೆ ಮುಗಿಸಿ ಇನ್ನೊಂದಕ್ಕೆ ಹೋದರೆ ಭಾರ ಒಂದೇ ಕಡೆ ಜಗ್ಗುತ್ತದೆ.

ಹೊರಗಡೆ ಉಳಿದ ನಾಲ್ಕು ತ್ರಿಕೋನ ಮೂಲೆಗಳ ಮೇಲೆ ಮಳೆನೀರು ನಿಲ್ಲಬಾರದು. ಅಲ್ಲಿ ಓರೆಗಲ್ಲು ಇಳಿಬಿಡಬಹುದು, ಇಲ್ಲವೇ ಒಂದೊಂದು ಕಿರುಶಿಖರ ಕೂರಿಸಬಹುದು. ನನ್ನ ಮಟ್ಟಿಗೆ ಕಿರುಶಿಖರವೇ ಸರಿ: ಅದರ ತೂಕ ಕಮಾನಿನ ಹೆಗಲ ಮೇಲೆ ಬಿದ್ದು, ಹೊರಕ್ಕೆ ತಳ್ಳುವ ಒತ್ತಡವನ್ನು ಕೆಳಕ್ಕೆ ತಿರುಗಿಸುತ್ತದೆ.

ಹೆಜ್ಜೆ 5: ಎತ್ತರ

ಚೌಕದ ಭಾಗಕ್ಕೆ ಎಂಟರ ನಾಲ್ಕು ಪಟ್ಟು, 32 ಮೀಟರ್. ಶಿಖರಕ್ಕೆ ಮೂರು ಪಟ್ಟು, 24. ಒಟ್ಟು 56. ಅಗಲಕ್ಕೆ ಏಳು ಪಟ್ಟು ಎತ್ತರ ಎಂದರೆ ಕಣ್ಣಿಗೆ ಚೆನ್ನ. ಇಟಲಿಯ ಫ್ಲಾರೆನ್ಸ್ ಕೆಥೆಡ್ರಲ್‌ನ ಗಂಟೆ ಗೋಪುರದಲ್ಲಿ ಶಿಖರವೇ ಇಲ್ಲ, 14.45 ಮೀಟರ್ ಬದಿ, 84.7 ಮೀಟರ್ ಎತ್ತರ, ಆರು ಪಟ್ಟಿಗೆ ತುಸು ಕಡಿಮೆ. 1334ರಲ್ಲಿ ಚಿತ್ರಕಾರ ಜೊತ್ತೊ ಅದನ್ನು ಶುರು ಮಾಡಿ, 1337ರಲ್ಲಿ ತೀರಿಕೊಂಡ. ಆಂದ್ರೆಯಾ ಪಿಸಾನೊ ಮುಂದುವರಿಸಿದ, 1359ರಲ್ಲಿ ಫ್ರಾಂಚೆಸ್ಕೊ ತಾಲೆಂಟಿ ಮುಗಿಸಿದ. ತಾಲೆಂಟಿ ಕಟ್ಟಿದ ಅಂತಸ್ತುಗಳನ್ನು ಗಮನಿಸಿ: ಮೇಲಿನ ಅಂತಸ್ತು ಕೆಳಗಿನದಕ್ಕಿಂತ ಎತ್ತರ, ಕಿಟಕಿಗಳು ಮೊದಲು ಜೋಡಿ, ತುದಿಯ ಅಂತಸ್ತಿನಲ್ಲಿ ಮೂರರ ಗುಂಪು. ಮೇಲೇರಿದಂತೆ ದೂರದಿಂದಾಗಿ ಕಣ್ಣಿಗೆ ಚಿಕ್ಕದಾಗಿ ಕಾಣುವುದನ್ನು ಇದು ಸರಿದೂಗಿಸುತ್ತದೆ, ಗೋಡೆಯ ಭಾರವನ್ನೂ ಇಳಿಸುತ್ತದೆ, ಗಂಟೆಯ ಸದ್ದಿಗೆ ದಾರಿಯನ್ನೂ ಬಿಡುತ್ತದೆ. ನಿಮ್ಮ ಚಿತ್ರದಲ್ಲೂ ಕೆಳಗಿನ ಅಂತಸ್ತಿಗೆ ಸೀಳುಕಿಂಡಿಯಷ್ಟೇ ಇಡಿ; ದೊಡ್ಡ ಕಿಂಡಿಗಳು ಗಂಟೆಯ ಅಂತಸ್ತಿಗೆ ಮೀಸಲು. ಆ ಕಿಂಡಿಗಳಿಗೆ ಓರೆ ಹಲಗೆಗಳನ್ನು ಕೂರಿಸಬೇಕು: ಮಳೆ ಒಳಗೆ ಬರಬಾರದು, ಸದ್ದು ಕೆಳಗಿನ ಬೀದಿಗೆ ಇಳಿಯಬೇಕು.

ಹೆಜ್ಜೆ 6: ಶಿಖರವನ್ನು ವರಸೆಗೆ ಇಳಿಸಿ

24 ಮೀಟರ್ ಶಿಖರಕ್ಕೆ 30 ಸೆಂ.ಮೀ. ಎತ್ತರದ ಕಲ್ಲಿನ ವರಸೆ (ಒಂದು ಸುತ್ತಿನ ಸಾಲು) ಇಟ್ಟರೆ 80 ವರಸೆ. ನಡುವಿನಿಂದ ಬದಿಗೆ 4 ಮೀಟರ್ ಇರುವುದು 80 ವರಸೆಗಳಲ್ಲಿ ಸೊನ್ನೆಯಾಗಬೇಕು. ಹಾಗಾದರೆ ಪ್ರತಿ ವರಸೆಗೂ ಕಲ್ಲು 5 ಸೆಂ.ಮೀ. ಒಳಕ್ಕೆ ಸರಿಯಬೇಕು, ಅಷ್ಟಕೋನದ ಪ್ರತಿ ಬದಿ 4.14 ಸೆಂ.ಮೀ. ಗಿಡ್ಡವಾಗಬೇಕು. ಇಷ್ಟು ಗೊತ್ತಿದ್ದರೆ ಎಂಬತ್ತೂ ವರಸೆಯ ಕಲ್ಲುಗಳನ್ನು ನೆಲದ ಮೇಲೇ ಕೆತ್ತಿ, ಗುರುತು ಹಾಕಿ, ಮೇಲಕ್ಕೆ ಕಳಿಸಬಹುದು.

ಮೂಲೆಗಲ್ಲುಗಳ ಬಗ್ಗೆ ಒಂದು ಕಟ್ಟುನಿಟ್ಟಿನ ಮಾತು. ಎರಡು ಬದಿ ಸೇರುವ ಅಂಚಿನಲ್ಲಿ ಸಂದು ಬಿಡಬೇಡಿ. ಆ ಮೂಲೆಯನ್ನು ಒಂದೇ ಕಲ್ಲಿನಲ್ಲಿ, 135 ಡಿಗ್ರಿಗೆ ಬಾಗಿದ ಹಾಗೆ ಕೆತ್ತಬೇಕು. ಸಂದು ಬದಿಯ ನಡುವೆ ಬರಲಿ. ಅಂಚಿನಲ್ಲಿ ಸಂದಿದ್ದರೆ ಮಳೆಗಾಳಿ ಮೊದಲು ಗಾರೆ ತಿನ್ನುವುದು ಅಲ್ಲೇ.

ಪ್ರತಿ ನಾಲ್ಕೈದು ವರಸೆಗೊಮ್ಮೆ ನಡುಬಿಂದುವಿನಿಂದ ತೂಗುಗುಂಡು ಇಳಿಬಿಟ್ಟು, ಕೆಳಗಿನ ನೆಲಹಾಸಿನಲ್ಲಿ ಹಾಕಿದ ಗುರುತಿಗೆ ಸರಿ ಕೂರುತ್ತದೆಯೇ ನೋಡಿ. ಗಾಳಿಯಿಲ್ಲದ ಬೆಳಗಿನ ಹೊತ್ತು ಇದಕ್ಕೆ ಒಳ್ಳೆಯದು. ಗುಂಡಿನ ದಾರದಿಂದ ಎಂಟೂ ಮೂಲೆಗಳ ದೂರ ಸಮ ಇರಬೇಕು.

ಕಾಗದದ ಮಾದರಿಗೆ ಇಡೀ ಶಿಖರವನ್ನು ಒಂದೇ ಬೀಸಣಿಗೆಯಾಗಿ ಬರೆಯಬಹುದು. ಶಿಖರದ ಅಂಚಿನ ನಿಜವಾದ ಉದ್ದ 24 ಸೆಂ.ಮೀ. ಅಲ್ಲ, 24.4, ಅಂಚು ಓರೆಯಾಗಿ ಇಳಿಯುವುದರಿಂದ ಈ ವ್ಯತ್ಯಾಸ. 24.4ರ ಕಂಸ ಎಳೆದು, ಅದರ ಮೇಲೆ 3.31 ಸೆಂ.ಮೀ.ಯಂತೆ ಎಂಟು ಹೆಜ್ಜೆ ಗುರುತಿಸಿ, ಪ್ರತಿ ಗುರುತನ್ನು ಕೇಂದ್ರಕ್ಕೆ ಜೋಡಿಸಿ. ಅಂಟಿಗೆಂದು ಒಂದು ಪಟ್ಟಿ ಬಿಟ್ಟು ಕತ್ತರಿಸಿ ಮಡಚಿದರೆ ನಿಮ್ಮ ಅಷ್ಟಕೋನದ ಮೇಲೆ ಸರಿಯಾಗಿ ಕೂರುತ್ತದೆ.

ಇನ್ನು ಶಿಖರದ ತಳ್ಳಾಟ. 40 ಸೆಂ.ಮೀ. ದಪ್ಪದ ಮರಳುಗಲ್ಲಿನಲ್ಲಿ ಕಟ್ಟಿದರೆ ನಮ್ಮ ಶಿಖರ ಸುಮಾರು 260 ಟನ್ ತೂಗುತ್ತದೆ. ಆರಕ್ಕೆ ಒಂದರಂತೆ ಓರೆ ಇರುವುದರಿಂದ ಆ ತೂಕದ ಆರನೇ ಒಂದು ಪಾಲು, ಸುಮಾರು 43 ಟನ್, ಬುಡದಲ್ಲಿ ಸುತ್ತಲೂ ಹೊರಕ್ಕೆ ಒತ್ತುತ್ತದೆ. ಬುಡಕ್ಕೊಂದು ಕಬ್ಬಿಣದ ಬಳೆ ತೊಡಿಸಿದರೆ ಅದಕ್ಕೆ ಬೀಳುವ ಎಳೆತ 7 ಟನ್ನಿನಷ್ಟು. ಕಮ್ಮಾರ ಬಡಿದ ಪಟ್ಟಿ ಇದನ್ನು ತಡೆಯುತ್ತದೆ. ಫ್ರೈಬುರ್ಗ್‌ನ ಶಿಖರದಲ್ಲಿ ಜಾಲಂಧ್ರದ ಕಲ್ಲುಗಳನ್ನು ಹೀಗೆ ಕಬ್ಬಿಣದ ಬಳೆಗಳು ಸುತ್ತುಗಟ್ಟಿವೆ, ಕೀಲುಗಳಿಗೆ ಸೀಸ ಹೊಯ್ದಿದ್ದಾರೆ. ಬಳೆ ಕೂತ ಕಡೆಯ ಮೂಲೆಗಲ್ಲುಗಳಲ್ಲಿ ಬಿರುಕು ಕಂಡದ್ದರಿಂದಲೇ ಅಲ್ಲಿ 2006ರಿಂದ 2018ರವರೆಗೆ ದೊಡ್ಡ ದುರಸ್ತಿ ನಡೆಯಿತು. 1944ರ ನವೆಂಬರ್ 27ರ ಬಾಂಬ್ ದಾಳಿಯಲ್ಲಿ ಸುತ್ತಲ ಊರು ನೆಲಸಮವಾದಾಗಲೂ ಆ ಗೋಪುರ ನಿಂತೇ ಇತ್ತು.

ಹೆಜ್ಜೆ 7: ಗಂಟೆಯ ಚೌಕಟ್ಟು ಗೋಡೆಗೆ ತಾಕದಿರಲಿ

ತೂಗುವ ಗಂಟೆ ಸುಮ್ಮನೆ ನೇತುಹಾಕಿದ ತೂಕವಲ್ಲ. ಇಂಗ್ಲೆಂಡಿನ ಪದ್ಧತಿಯಂತೆ ಗಂಟೆಯನ್ನು ಬಾಯಿ ಮೇಲಾಗುವಷ್ಟು ಪೂರ್ತಿ ಸುತ್ತು ತಿರುಗಿಸಿ ಬಾರಿಸಿದರೆ, ಕೆಳಗೆ ಬೀಸಿ ಬರುವ ಗಳಿಗೆಯಲ್ಲಿ ಅದು ತನ್ನ ತೂಕದ ಸುಮಾರು ನಾಲ್ಕು ಪಟ್ಟು ಕೆಳಕ್ಕೆ ಜಗ್ಗುತ್ತದೆ, ಎರಡು ಪಟ್ಟು ಅಡ್ಡಕ್ಕೆ ತಳ್ಳುತ್ತದೆ. ನಮ್ಮ 1 ಟನ್ ಗಂಟೆಯಿಂದ 26 ಮೀಟರ್ ಎತ್ತರದಲ್ಲಿ 2 ಟನ್ ಅಡ್ಡ ತಳ್ಳು. ಮುಂದಿನ ಹೆಜ್ಜೆಯಲ್ಲಿ ನೋಡುವಂತೆ ಇಡೀ ಗೋಪುರದ ತೂಕ 2600 ಟನ್ ಆಗುವುದರಿಂದ, ಉರುಳಿಸುವ ಶಕ್ತಿ ಇದಕ್ಕೆ ಇಲ್ಲವೇ ಇಲ್ಲ. ತೊಂದರೆ ಇರುವುದು ಲಯದಲ್ಲಿ. ಗಂಟೆ ಆ ಕಡೆ ಈ ಕಡೆ ತಳ್ಳುವ ತಾಳವೂ ಗೋಪುರ ತಾನಾಗಿ ಓಲಾಡುವ ತಾಳವೂ ಕೂಡಿಬಿಟ್ಟರೆ, ಜೋಕಾಲಿಯನ್ನು ಸರಿಯಾದ ಹೊತ್ತಿಗೆ ಪುಟ್ಟ ಕೈಯಿಂದ ತಳ್ಳಿದ ಹಾಗೆ, ಸಣ್ಣ ತಳ್ಳೇ ಸೇರಿ ಸೇರಿ ದೊಡ್ಡ ಓಲಾಟವಾಗುತ್ತದೆ. ಗಾರೆ ಸಡಿಲವಾಗುವುದು, ಕಿಂಡಿಗಳ ಮೇಲೆ ಬಿರುಕು ಏಳುವುದು ಆಗ.

ಜರ್ಮನ್ ಮೇಸ್ತ್ರಿಗಳ ಪರಿಹಾರ ಬಹಳ ಜಾಣತನದ್ದು. ಗೋಪುರದೊಳಗೆ ಮರದ ಇನ್ನೊಂದು ಗೋಪುರ ನಿಲ್ಲಿಸಿದರು. ಅದರ ಬುಡ ಗಂಟೆಯಿಂದ ಬಹಳ ಕೆಳಗೆ, ಗೋಡೆಯ ಒಳಮೈಯಲ್ಲಿ ಬಿಟ್ಟ ಮೆಟ್ಟಿಲಿನ ಮೇಲೆ ಕೂರುತ್ತದೆ. ಮೇಲೆ ಅದು ಗೋಡೆಯನ್ನು ಎಲ್ಲೂ ಮುಟ್ಟುವುದಿಲ್ಲ. ಅಡ್ಡ ತಳ್ಳು ಮರದಲ್ಲೇ ಬಹುಪಾಲು ಕರಗಿ, ಉಳಿದದ್ದು ಗೋಡೆ ದಪ್ಪವಿರುವ ಕೆಳಭಾಗಕ್ಕೆ ಹೋಗುತ್ತದೆ. ಫ್ರೈಬುರ್ಗ್‌ನಲ್ಲಿ 13ನೇ ಶತಮಾನದ ಕೊನೆಯ ಅಂಥ ಮರದ ಚೌಕಟ್ಟು ಇಂದಿಗೂ ಇದೆ. ನಿಮ್ಮ ಚಿತ್ರದಲ್ಲಿ 5 ಮೀಟರ್ ಬದಿಯ ಚೌಕಟ್ಟು ಬರೆದು, ಸುತ್ತ 30 ಸೆಂ.ಮೀ. ಸಂದು ಬಿಡಿ. ಗಂಟೆಗಳಲ್ಲಿ ಅರ್ಧ ಪೂರ್ವ-ಪಶ್ಚಿಮ, ಅರ್ಧ ಉತ್ತರ-ದಕ್ಷಿಣ ತೂಗಲಿ. ಕೀಲುಗಳಿಗೆ ಬೆಣೆ ಹೊಡೆದು ಬಿಗಿ ಮಾಡಿ. ಬೇಸಿಗೆಯಲ್ಲಿ ಮರ ಕುಗ್ಗಿದಾಗ ಬೆಣೆಗಳನ್ನು ಮತ್ತೆ ಬಡಿಯುವುದು ಗಂಟೆ ನೋಡಿಕೊಳ್ಳುವವರ ವರ್ಷಾವಧಿ ಕೆಲಸ.

ಹೆಜ್ಜೆ 8: ಪಾಯ ಮತ್ತು ತಾಳ್ಮೆ

ಗೋಡೆಯ ತಳ 32 ಚದರ ಮೀಟರ್, ಎತ್ತರ 32 ಮೀಟರ್. ಕಿಂಡಿಗಳನ್ನು ಬಿಟ್ಟು ಲೆಕ್ಕ ಹಾಕಿದರೆ ಸುಮಾರು 2350 ಟನ್. ಶಿಖರ ಸೇರಿ 2600. ಗೋಡೆಯ ಬುಡದ ಕಲ್ಲಿಗೆ ಚದರ ಮೀಟರಿಗೆ 81 ಟನ್ ಬೀಳುತ್ತದೆ. ಒಳ್ಳೆಯ ಮರಳುಗಲ್ಲು ಇದರ ಎಷ್ಟೋ ಪಟ್ಟು ಹೊರುತ್ತದೆ. ಕಲ್ಲು ಪುಡಿಯಾಗುವ ಭಯ ಬೇಡ. ಭಯ ಮಣ್ಣಿನದು. ಪಾಯವನ್ನು ಎಲ್ಲ ಕಡೆ ಒಂದೂವರೆ ಮೀಟರ್ ಹೊರಕ್ಕೆ ಚಾಚಿ 11 ಮೀಟರ್ ಚೌಕ ಮಾಡಿದರೆ, ಮಣ್ಣಿನ ಮೇಲೆ ಗೋಪುರದಿಂದ ಬೀಳುವ ಭಾರ ಚದರ ಮೀಟರಿಗೆ 21 ಟನ್ನಿಗೆ ಇಳಿಯುತ್ತದೆ.

ಇಟಲಿಯ ಪೀಸಾದ ವಾಲುಗೋಪುರದಲ್ಲಿ ಈ ಅಂಕಿ ಸುಮಾರು 50. ಕೆಳಗೆ ಮೆತ್ತನೆಯ ಜೇಡಿ, ಮೇಲೆ 14,500 ಟನ್, ಪಾಯದ ಆಳ ಬರೀ 3 ಮೀಟರ್. 1173ರಲ್ಲಿ ಶುರುವಾದ ಕೆಲಸ 1178ರ ಹೊತ್ತಿಗೆ ನಿಂತಿತು. ಮತ್ತೆ ಕೈಹಚ್ಚಿದ್ದು 1272ರಲ್ಲಿ. ಸುಮಾರು ನೂರು ವರ್ಷದ ಆ ಬಿಡುವಿನಲ್ಲಿ ಜೇಡಿಯೊಳಗಿನ ನೀರು ನಿಧಾನವಾಗಿ ಹಿಂಡಿಹೋಗಿ ಮಣ್ಣು ಗಟ್ಟಿಯಾಯಿತು. ಒಂದೇ ಉಸಿರಿಗೆ ಕಟ್ಟಿದ್ದರೆ ಆ ಗೋಪುರ ಅಂದೇ ಬೀಳುತ್ತಿತ್ತು ಎಂಬುದು ಮಣ್ಣಿನ ಎಂಜಿನಿಯರುಗಳ ಅಭಿಪ್ರಾಯ. 1990ರಲ್ಲಿ ಅದನ್ನು ಮುಚ್ಚಿ, ಎತ್ತರವಾಗಿ ಉಳಿದಿದ್ದ ಉತ್ತರದ ಬದಿಯ ಕೆಳಗಿನಿಂದ ಸ್ವಲ್ಪ ಸ್ವಲ್ಪವೇ ಮಣ್ಣು ತೆಗೆದು, ವಾಲಿಕೆಯನ್ನು ಅರ್ಧ ಡಿಗ್ರಿಯಷ್ಟು ಕಡಿಮೆ ಮಾಡಿ, 2001ರ ಡಿಸೆಂಬರ್‌ನಲ್ಲಿ ಮತ್ತೆ ತೆರೆದರು.

ಸುಣ್ಣದ ಗಾರೆಯೂ ಇದೇ ತಾಳ್ಮೆ ಕೇಳುತ್ತದೆ. ಅದು ಗಾಳಿ ಕುಡಿದು ಹೊರಗಿನಿಂದ ಒಳಕ್ಕೆ ಗಟ್ಟಿಯಾಗುವುದು. ಮೀಟರ್ ದಪ್ಪದ ಗೋಡೆಯ ನಡುವೆ ವರ್ಷಗಟ್ಟಲೆ ಹಸಿ ಇರುತ್ತದೆ. ವರ್ಷಕ್ಕೆ ಕೆಲವೇ ಮೀಟರ್ ಎಬ್ಬಿಸಿ. ಹಿಮ ಬೀಳುವ ಊರಲ್ಲಿ ಚಳಿಗಾಲಕ್ಕೆ ಗೋಡೆಯ ತಲೆಗೆ ಹುಲ್ಲು ಹೊದಿಸಿ ಕೆಲಸ ನಿಲ್ಲಿಸುತ್ತಿದ್ದರು. ಸಾರುವೆಯ ಗಳಗಳಿಗೆ ಗೋಡೆಯಲ್ಲೇ ತೂತು ಬಿಡಿ. ಹಳೆಯ ಗೋಪುರಗಳ ಮೈಮೇಲೆ ಸಾಲಾಗಿ ಕಾಣುವ ಚೌಕ ತೂತುಗಳು ಇವೇ. ಕಲ್ಲೆತ್ತುವ ಗಾಲಿಯಂತ್ರವನ್ನು ಗೋಪುರದೊಳಗೇ ಇಟ್ಟು, ಅಂತಸ್ತು ಏರಿದಂತೆ ಅದನ್ನೂ ಏರಿಸಿ. ಇಂಗ್ಲೆಂಡಿನ ಸಾಲ್ಸ್‌ಬರಿ ಕೆಥೆಡ್ರಲ್‌ನಲ್ಲಿ ಅಂಥ ಗಾಲಿ ಇನ್ನೂ ಮೇಲೇ ಇದೆ, ಶಿಖರದೊಳಗಿನ ಮರದ ಸಾರುವೆಯೂ ಇದೆ. ಅಲ್ಲಿ ಮೊದಲೇ ಇದ್ದ ಕಟ್ಟಡದ ಮೇಲೆ 123 ಮೀಟರ್ ಮುಟ್ಟುವ ಗೋಪುರ-ಶಿಖರ ಎಬ್ಬಿಸಿ, ಸುಮಾರು 6500 ಟನ್ ಹೊಸ ಭಾರ ಹೊರಿಸಿದರು. ಕೆಳಗಿನ ಅಮೃತಶಿಲೆಯ ಕಂಬಗಳು ಬಾಗಿರುವುದು ಬರಿಗಣ್ಣಿಗೇ ಕಾಣುತ್ತದೆ. ಅದರ ಗಂಟೆಗಳಿದ್ದದ್ದು ಅಂಗಳದ ಬೇರೆಯೇ ಗೋಪುರದಲ್ಲಿ. ಅದನ್ನು 18ನೇ ಶತಮಾನದ ಕೊನೆಯಲ್ಲಿ ಕೆಡವಿಬಿಟ್ಟರು.

ಕಡೆಯ ಪರೀಕ್ಷೆ ಗಾಳಿಯದು. ಬಿರುಗಾಳಿ ಚದರ ಮೀಟರಿಗೆ 100 ಕಿಲೋ ಒತ್ತಿದರೆ ನಮ್ಮ ಗೋಪುರದ ಒಂದು ಮೈಗೆ 35 ಟನ್. ಅದರಿಂದ ಒಟ್ಟು ಭಾರದ ಗೆರೆ ಬುಡದಲ್ಲಿ ನಡುವಿನಿಂದ 30 ಸೆಂ.ಮೀ. ಸರಿಯುತ್ತದೆ. ಚೌಕದ ಅಗಲವನ್ನು ಮೂರು ಪಾಲು ಮಾಡಿದಾಗ ನಡುವಿನ ಪಾಲಿನೊಳಗೆ, ಅಂದರೆ 1.33 ಮೀಟರಿನ ಒಳಗೆ, ಆ ಗೆರೆ ಇದ್ದರೆ ಕಲ್ಲುಗಳ ನಡುವೆ ಎಲ್ಲೂ ಸಂದು ಬಾಯಿಬಿಡುವುದಿಲ್ಲ. ನಾವು ಆರಾಮಾಗಿ ಒಳಗಿದ್ದೇವೆ. ಆದರೆ ಈ ಲೆಕ್ಕ ಗೋಡೆ ಇಡಿಯಾಗಿ ಇರುವವರೆಗೆ ಮಾತ್ರ. ವೆನಿಸ್‌ನ ಸಂತ ಮಾರ್ಕನ ಗೋಪುರದ ಬುಡಕ್ಕೆ ಆತುಕೊಂಡಿದ್ದ ಚಿಕ್ಕ ಮಂಟಪದ ಚಾವಣಿ ದುರಸ್ತಿಗೆಂದು ಗೋಡೆಯಲ್ಲಿ ಗಾಡಿ, ಅಂದರೆ ಉದ್ದನೆಯ ಸೀಳು, ಕೊರೆದರು. ಬಿರುಕು ಮೇಲೇರಿ, 1902ರ ಜುಲೈ 14ರ ಬೆಳಿಗ್ಗೆ 98 ಮೀಟರಿಗೂ ಎತ್ತರದ ಗೋಪುರ ನಿಂತಲ್ಲೇ ಕುಸಿಯಿತು. ಜನರಿಗೆ ಪ್ರಾಣಾಪಾಯ ಆಗಲಿಲ್ಲ. ಪಾಯವನ್ನು ಅಗಲಿಸಿ, ಹಳೆಯ ರೂಪದಲ್ಲೇ ಕಟ್ಟಿ 1912ರ ಏಪ್ರಿಲ್ 25ರಂದು ಉದ್ಘಾಟಿಸಿದರು. ಹಳೆಯ ಗೋಪುರದ ಬುಡಕ್ಕೆ ಸ್ವಿಚ್‌ಬೋರ್ಡಿಗೋ ಪೈಪಿಗೋ ಗಾಡಿ ಹೊಡೆಸಲು ಹೊರಟವರಿಗೆ ಈ ಘಟನೆಯನ್ನು ಹೇಳಿ ತಡೆಯಿರಿ.

ಹೆಜ್ಜೆ 9: ಕಣ್ಣೆದುರಿನ ಗೋಪುರದ ಮೇಲೆ ಪ್ರಯೋಗಿಸಿ

ಮೈಸೂರಿನ ಸಂತ ಫಿಲೋಮಿನಾ ಚರ್ಚಿನ ಅವಳಿ ಶಿಖರಗಳು, ಸುಮಾರು 175 ಅಡಿ ಎತ್ತರದವು, ಜರ್ಮನಿಯ ಕಲೋನ್ ಕೆಥೆಡ್ರಲ್‌ನ ಮಾದರಿಯವು. ಕಲೋನ್‌ನ ಗೋಪುರಗಳೋ, ಮಧ್ಯಯುಗದಲ್ಲಿ ಚರ್ಮದ ಮೇಲೆ ಬರೆದ ನಾಲ್ಕು ಮೀಟರ್ ಎತ್ತರದ ನಕ್ಷೆಯನ್ನು ಹಿಡಿದು 1880ರಲ್ಲಿ ಮುಗಿದವು. ಹರಿದು ಬೇರೆಯಾಗಿದ್ದ ಆ ನಕ್ಷೆಯ ಒಂದು ಭಾಗ ಡಾರ್ಮ್‌ಸ್ಟಾಟ್‌ನಲ್ಲಿ, ಇನ್ನೊಂದು ಪ್ಯಾರಿಸ್‌ನಲ್ಲಿ ಸಿಕ್ಕಿತ್ತು. ಹಾಗಾಗಿ ಚೌಕ, ಎಂಟುಮೂಲೆ, ಬಿಂದು ಎಂಬ ಕ್ರಮವನ್ನು ಮೈಸೂರಿನಲ್ಲೇ ನಿಂತು ಓದಬಹುದು.

45 ಡಿಗ್ರಿಯ ಮೂಲೆಮಟ್ಟವನ್ನು ಕಣ್ಣಿನ ಮಟ್ಟದಲ್ಲಿ ಹಿಡಿದು, ಒಂದು ಬದಿ ನೆಲಕ್ಕೆ ಸಮಾನಾಂತರವಾಗಿರಿಸಿ, ಓರೆ ಬದಿಯಗುಂಟ ನೋಡುತ್ತ ಹಿಂದೆ ಸರಿಯಿರಿ. ಶಿಖರದ ತುದಿ ಸರಿಯಾಗಿ ಆ ಗೆರೆಯಲ್ಲಿ ಸಿಕ್ಕಾಗ ನಿಲ್ಲಿ. ಅಲ್ಲಿಂದ ಶಿಖರದ ತುದಿಯ ನೇರ ಕೆಳಗಿನ ಬಿಂದುವಿಗಿರುವ ದೂರಕ್ಕೆ ನಿಮ್ಮ ಕಣ್ಣಿನ ಎತ್ತರ ಸೇರಿಸಿದರೆ ಗೋಪುರದ ಎತ್ತರ. ಆ ಬಿಂದು ಗೋಡೆಯ ಮುಂಬದಿಯಲ್ಲಿಲ್ಲ, ಗೋಪುರದ ನಡುವಿನಲ್ಲಿದೆ. ಗೋಡೆಯವರೆಗೆ ಅಳೆದಿದ್ದರೆ ಅಗಲದ ಅರ್ಧ ಕೂಡಿಸಿ. ಇದೇ ರೀತಿ ಶಿಖರ ಶುರುವಾಗುವ ಅಂಚಿನ ಎತ್ತರವನ್ನೂ ತೆಗೆಯಿರಿ, ಆದರೆ ಆ ಅಂಚು ಇರುವುದು ಗೋಡೆಯ ಮುಂಬದಿಗೆ ಹತ್ತಿರ, ಅಲ್ಲಿಗೆ ಅರ್ಧ ಅಗಲ ಕೂಡಿಸಬೇಡಿ. ಬುಡದ ಅಗಲವನ್ನು ಟೇಪಿನಲ್ಲಿ ಹಿಡಿದು, ಮೂರೂ ಅಂಕಿಗಳನ್ನು ನಿಮ್ಮ 8, 32, 24ರ ಪಕ್ಕ ಬರೆದಿಡಿ.